ಮುದ್ದೆಮಾಲು ನಂಬರ್ ನಾಲ್ಕು ಮತ್ತು ನಿಮ್ಮ ‘ಪರಿಶೀಲನೆ ಬಾಕಿ’

ಔಷಧ ವೃತ್ತಿಯವರ ಹೆಸರುಗಳನ್ನು ಬರೆದಿಟ್ಟುಕೊಂಡು ಕಾಯುವ ರಾಜ್ಯ ಮಂಡಳಿಯ ರಿಜಿಸ್ಟ್ರಾರ್ ಅವರಿಗೆ

ಮಾನ್ಯರೇ,

ನಿಮ್ಮ ಮಂಡಳಿ ನನಗೆ ಕೊಟ್ಟ ನೋಂದಣಿ ಪ್ರಮಾಣಪತ್ರದಿಂದಲೇ ನನ್ನ ಅಪ್ಪನ ತಲೆ ಒಡೆದರು. ಆರನೆಯ ದಿನ ಅಪ್ಪ ಸತ್ತ. ಈಗ ಆ ಪ್ರಮಾಣಪತ್ರ ‘ವಿರೂಪಗೊಂಡಿರುವುದು ಗಮನಕ್ಕೆ ಬಂದಿದೆ’ ಎಂದು ನೀವು ನನಗೆ ನೋಟಿಸು ಕಳಿಸಿದ್ದೀರಿ. ಅದನ್ನು ಸುಸ್ಥಿತಿಯಲ್ಲಿ ಕಾಪಾಡದೆ ಇದ್ದುದಕ್ಕೆ ಕಾರಣವೇನೆಂದು ಹದಿನೈದು ದಿನದೊಳಗೆ ತಿಳಿಸಬೇಕಂತೆ. ತಿಳಿಸುತ್ತೇನೆ. ಲಕೋಟೆಯಲ್ಲಿಟ್ಟು ಎರಡು ಸಲ ತಿಳಿಸಿದೆ, ಓದಿದವರಿಲ್ಲ. ಅದಕ್ಕೇ ಈ ಸಲ ಊರವರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ದೇವರ ಹಿಪ್ಪರಗಿಯ ಬಸ್ ನಿಲ್ದಾಣದ ಎದುರು ಹನ್ನೊಂದು ವರ್ಷ ಔಷಧ ಅಂಗಡಿ ನಡೆಸಿದವಳು. ಕುರಿ ಕಾಯುವ ಮನೆತನ. ನಮ್ಮ ಮನೆಯಲ್ಲಿ ಹತ್ತನೇ ಇಯತ್ತೆ ದಾಟಿದವಳು ನಾನೊಬ್ಬಳೇ. ನನ್ನ ಮಾತು ಒರಟು ಎಂದು ಗಿರಾಕಿಗಳೂ ಹೇಳುತ್ತಾರೆ, ನಮ್ಮವ್ವನೂ ಹೇಳುತ್ತಾಳೆ. ನಿಮಗೂ ಹಾಗೇ ಕಂಡರೆ ಸಹಿಸಿಕೊಳ್ಳಿ. ನಿಮ್ಮ ನೋಟಿಸಿನ ಭಾಷೆಯನ್ನು ನಾನು ಸಹಿಸಿಕೊಂಡಿಲ್ಲವೇ?

ಮೊದಲು ಆ ಪ್ರಮಾಣಪತ್ರದ ಕಥೆ ಕೇಳಿ. ಹದಿನೆಂಟು ವರ್ಷದ ಹಿಂದೆ ಅದು ಅಂಚೆಯಲ್ಲಿ ಬಂದ ದಿನ ಅಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. ಅಪ್ಪನಿಗೆ ಓದು ಬರದು. “ಇದ್ರಾಗ ಏನ್ ಬರದಾರ?” ಎಂದ. “ನಾ ಔಷಧ ಕೊಡಬಹುದು ಅಂತ ಸರ್ಕಾರ ಬರದೈತಿ ಯಪ್ಪಾ. ಇದನ್ನ ಯಾರೂ ಕಸಗೊಳ್ಳಾಕ ಬರಂಗಿಲ್ಲ” ಎಂದೆ. ಅಷ್ಟು ಸಾಕಾಯಿತು ಅವನಿಗೆ. ಆ ವರ್ಷವೇ ಮಂಡಿನೋವಿಗೆ ಸೋತು ಕುರಿ ಮಾರಿದ್ದ. ಕುರಿದೊಡ್ಡಿಯ ಬಾಗಿಲಿಗೆ ಹಾಕಿದ್ದ ಜಾಲಿ ಮರದ ಕಂಬವೊಂದು ಉಳಿದಿತ್ತು. ಅದನ್ನು ಹೆಗಲ ಮೇಲೆ ಹೊತ್ತು, ಕಂಡಕ್ಟರನ ಜೊತೆ ಜಗಳಾಡಿ ಬಸ್ಸಿನೊಳಗೆ ತುರುಕಿ, ನಾಲತವಾಡದ ಪರಿಚಯದ ಬಡಿಗನ ಹತ್ತಿರ ಹೋದ. “ಮಾಳಿಂಗಪ್ಪಾ, ಇಷ್ಟು ದಪ್ಪ ಯಾಕೋ ಮಾರಾಯಾ? ನಾ ಬಾಗಲಾ ಮಾಡಾಕತ್ತೇನೋ, ಫೋಟೋಕ್ಕ ಕಟ್ಟು ಹಾಕಾಕತ್ತೇನೋ?” ಎಂದು ಬಡಿಗ ನಕ್ಕನಂತೆ. “ನನ್ನ ಮನ್ಯಾಗ ಇರೂದು ಇದೊಂದಽ ಕಾಗದ. ಗಟ್ಟಿ ಇರ್ಲಿ” ಎಂದನಂತೆ ಅಪ್ಪ.

ಗಟ್ಟಿಯೇ ಇತ್ತು. ಗಾಜು ಬಿಟ್ಟು ಬರೀ ಚೌಕಟ್ಟಿನ ತೂಕ ಮೂರು ಕಿಲೋ ಆರುನೂರು ಗ್ರಾಂ ಎಂದು ಪೊಲೀಸರ ಪಂಚನಾಮೆಯಲ್ಲಿದೆ.

ಅಂಗಡಿ ತೆರೆದಾಗ ಅದನ್ನು ಫ್ರಿಜ್ಜಿನ ಮೇಲೆ, ಗೋಡೆಯ ನೆತ್ತಿಯಲ್ಲಿ, ಒಂಬತ್ತು ಅಡಿ ಎತ್ತರದಲ್ಲಿ ತೂಗುಹಾಕಿದ್ದೆವು. ಅಲ್ಲಿ ಹತ್ತು ವರ್ಷ ನಿಶ್ಚಿಂತೆಯಾಗಿ ಇತ್ತು. ಆಮೇಲೆ ಹೋದ ವರ್ಷದ ಜನವರಿಯಲ್ಲಿ ನಿಮ್ಮ ಮಂಡಳಿಯ ತಪಾಸಣಾಧಿಕಾರಿ ಬಂದರು. ಚೀಟಿಗಳನ್ನು ನೋಡಿದರು, ಸರಿ ಇದ್ದವು. ಫ್ರಿಜ್ಜಿನ ಉಷ್ಣಾಂಶ ನೋಡಿದರು, ಸರಿ ಇತ್ತು. ಅವಧಿ ಮುಗಿದ ಮಾಲು ಹುಡುಕಿದರು, ಸಿಗಲಿಲ್ಲ. ಗುಳಿಗೆಯ ಪಟ್ಟಿಯನ್ನು ನಾನು ಕತ್ತರಿಸುವ ರೀತಿ ನೋಡಿ, ಹೆಸರು ಮತ್ತು ತಾರೀಖು ಇರುವ ತುದಿಯನ್ನು ಕೊನೆಯವರೆಗೆ ಉಳಿಸುತ್ತೇನೆಂದು ಮೆಚ್ಚಿಕೊಂಡರು ಕೂಡ. ಆದರೆ ತಪಾಸಣೆಗೆ ಬಂದವರು ಏನೂ ಬರೆಯದೆ ಹೋದರೆ ತಪಾಸಣೆ ಆದಂತಾಯಿತೇ? ತಲೆ ಎತ್ತಿದರು. ‘ಪ್ರಮಾಣಪತ್ರವು ಗ್ರಾಹಕರಿಗೆ ಓದಲು ಬರುವಂತಿಲ್ಲ. ಕೌಂಟರಿನ ಪಕ್ಕ ಕಣ್ಣಳತೆಯಲ್ಲಿ ಪ್ರದರ್ಶಿಸತಕ್ಕದ್ದು. ಏಳು ದಿನದೊಳಗೆ ಪಾಲನಾ ವರದಿ ಸಲ್ಲಿಸತಕ್ಕದ್ದು’ ಎಂದು ಬರೆದು ಸಹಿ ಹಾಕಿದರು.

ಏಳು ದಿನ ಯಾಕೆ, ನಾನು ಮರುದಿನವೇ ಪಾಲಿಸಿದೆ. ಅಪ್ಪನೇ ಕೌಂಟರಿನ ಪಕ್ಕದ ಕಂಬಕ್ಕೆ ಮೊಳೆ ಹೊಡೆದ. ಅವನಿಗಂತೂ ಖುಷಿಯೋ ಖುಷಿ. “ಚಲೋ ಆತ ಬಿಡು. ಇನ್ನ ನನ್ನ ಕೈಗೂ ಸಿಗತೈತಿ, ದಿನಾ ಒರಸಾಕ ಬರತೈತಿ” ಎಂದ. ಬೆಳಿಗ್ಗೆ ಶಟರ್ ಏರಿಸಿದ ಕೂಡಲೇ ರುಮಾಲಿನ ಸೆರಗಿನಿಂದ ಗಾಜು ಒರೆಸಿ, ಅದರ ಕೆಳಗಿನ ಬೆಂಚಿನ ಮೇಲೆ ಕೂರುತ್ತಿದ್ದ. ಕಣ್ಣಿಗೆ ಎಟುಕುವುದು ಕೈಗೂ ಎಟುಕುತ್ತದೆ ಎಂಬ ಯೋಚನೆ ನಿಮ್ಮ ತಪಾಸಣಾಧಿಕಾರಿಗೆ ಬರಲಿಲ್ಲ. ನನಗೂ ಬರಲಿಲ್ಲ ಎಂಬುದನ್ನು ಒಪ್ಪುತ್ತೇನೆ. ಅದು ನಾನು ಮಾಡಿದ ತಪ್ಪು, ಮಾನ್ಯರೇ. ನಿಮ್ಮ ಮಾತು ಕೇಳಿದ ತಪ್ಪು.

ಏಪ್ರಿಲ್ ತಿಂಗಳು, ಮಧ್ಯಾಹ್ನ ನಾಲ್ಕರ ಹೊತ್ತು. ಯಂಕಂಚಿಯ ಕಡೆಯ ರಸ್ತೆಯಲ್ಲಿ ಹದಿನಾಲ್ಕು ಎಮ್ಮೆ ಕಟ್ಟಿಕೊಂಡು ಹಾಲಿನ ವ್ಯಾಪಾರ ಮಾಡುವವನೊಬ್ಬ ಬಂದ. ಕೇಸು ನಡೆಯುತ್ತಿರುವುದರಿಂದ ಹೆಸರು ಬರೆಯುವುದಿಲ್ಲ, ಕೋರ್ಟಿನವರು ಕರೆಯುವ ಹಾಗೆ ಆರೋಪಿ ಎಂದೇ ಕರೆಯುತ್ತೇನೆ. ಅವನ ಕೈಯಲ್ಲಿ ಒಂದು ಖಾಲಿ ಬಾಟಲಿ. ನಮ್ಮ ಕಡೆ ವೈದ್ಯರ ಚೀಟಿಗಿಂತ ಖಾಲಿ ಬಾಟಲಿ, ಖಾಲಿ ಪಟ್ಟಿ ಹಿಡಿದು ಬರುವವರೇ ಹೆಚ್ಚು. ಅದು ಎಮ್ಮೆಯ ಹಾಲು ಇಳಿಸಲು ಚುಚ್ಚುವ ಇಂಜೆಕ್ಷನ್ನು. ಹೆರಿಗೆಯ ಹೆಂಗಸರಿಗೆ ಬೇಕಾದ ಔಷಧ ಅದು. ಅದನ್ನೇ ದಿನಕ್ಕೆರಡು ಸಲ ಎಮ್ಮೆಗೆ ಚುಚ್ಚಿ ಕೊನೆಯ ಹನಿಯವರೆಗೆ ಹಿಂಡುವವರು ಇದ್ದಾರೆ. ಸಂತೆಯಲ್ಲಿ ಹೆಸರು ಚೀಟಿಯಿಲ್ಲದ ಬಾಟಲಿಯಲ್ಲಿ ಅದನ್ನು ಮಾರುವವನು ಆ ವಾರ ಬಂದಿರಲಿಲ್ಲ, ಅದಕ್ಕೇ ಈತ ನನ್ನ ಅಂಗಡಿ ಮೆಟ್ಟಿಲು ಹತ್ತಿದ್ದ.

“ಅಕ್ಕಾರ, ಇಂಥಾವು ಹತ್ತು ಕೊಡ್ರಿ.”

“ದನದ ಡಾಕ್ಟರ ಚೀಟಿ ತಗೊಂಡ ಬರ್ರಿ.”

“ಎಮ್ಮಿ ಏನ್ ಚೀಟಿ ಓದತೈತೇನ್ರಿ?”

“ಎಮ್ಮಿ ಓದಂಗಿಲ್ಲ. ನಾ ಓದ್ತೇನಿ.”

ಇಲ್ಲಿಗೆ ಮುಗಿಯಬೇಕಿತ್ತು. ಇಂಥ ಮಾತು ನನಗೂ ಗಿರಾಕಿಗಳಿಗೂ ದಿನಕ್ಕೆ ಹತ್ತು ಸಲ ನಡೆಯುತ್ತದೆ. ಆದರೆ ಬೆಂಚಿನ ಮೇಲೆ ಕೂತಿದ್ದ ಅಪ್ಪನಿಗೆ ಸುಮ್ಮನಿರಲಾಗಲಿಲ್ಲ. ಐವತ್ತು ವರ್ಷ ಕುರಿ, ದನ, ಎಮ್ಮೆಗಳ ಜೊತೆ ಮಲಗಿ ಎದ್ದವನು.

“ಕರಾ ಎಲ್ಲೈತೋ ತಮ್ಮಾ?” ಎಂದ.

“ಸತ್ತೈತಿ.”

“ಹೆಂಗ ಸತ್ತಿತು?”

“ಸತ್ತಿತು ಅಂದ್ರ ಸತ್ತಿತು. ನಿನಗ್ಯಾಕ ಬೇಕೋ ಮುದಕಾ?”

“ಹಾಲೆಲ್ಲಾ ನೀನಽ ಹಿಂಡಿಕೊಂಡ್ರ ಸಾಯದಽ ಏನ್ ಮಾಡೀತು? ಹೋಗ್ಲಿ ಬಿಡು. ಸತ್ತ ಕರದ ತೊಗಲಾಗ ಹುಲ್ಲ ತುಂಬಿ ಎಮ್ಮಿ ಮುಂದ ನಿಂದರಸು. ಅದು ಮೂಸಿ ನೋಡಿ ತಾನಽ ಹಾಲ ಇಳಸತೈತಿ. ಅದಕ್ಕ ಸೂಜಿ ಬ್ಯಾಡ.”

ಇದು ಅಪ್ಪ ಕೊಟ್ಟ ಬುದ್ಧಿಮಾತು. ನಮ್ಮ ಹಿರಿಯರೆಲ್ಲ ಮಾಡುತ್ತಿದ್ದುದೇ ಇದು. ಕರು ಸತ್ತರೆ ಅದರ ತೊಗಲು ಸುಲಿದು ಹುಲ್ಲು ತುಂಬಿ ಹೊಲಿದು ಮುಂದೆ ಇಡುವುದು, ತಾಯಿ ಅದನ್ನೇ ನೆಕ್ಕುತ್ತ ನಿಲ್ಲುವುದು. ಅಪ್ಪ ಗೇಲಿ ಮಾಡಲಿಲ್ಲ. ಆದರೆ ಪಕ್ಕದ ಚಹಾದಂಗಡಿಯಲ್ಲಿ ನಿಂತವರು ಕೇಳಿಸಿಕೊಂಡು ಗೊಳ್ಳೆಂದು ನಕ್ಕರು. “ಹದಿನಾಲ್ಕು ಎಮ್ಮಿಗೆ ಹದಿನಾಲ್ಕು ಹುಲ್ಲಿನ ಕರಾ ಹೊಲಿಯಾಕ ದರ್ಜೀನ ಕರೀಬೇಕಾಗತೈತಿ!” ಎಂದು ಯಾರೋ ಕೂಗಿದರು. ಆರೋಪಿಯ ಮುಖ ಕಪ್ಪಿಟ್ಟಿತು.

“ಕುರಿ ಕಾಯೂ ಮಗನಽ, ನನಗ ಬುದ್ಧಿ ಹೇಳ್ತಿಯೇನೋ? ಈ ಫೋಟೋ ತೂಗಹಾಕ್ಕೊಂಡ ಮೆರೀತಿರೇನ ಅಪ್ಪ ಮಗಳು?” ಎನ್ನುತ್ತ ಕಂಬದ ಮೇಲಿನ ಚೌಕಟ್ಟನ್ನು ಮೊಳೆಯ ಸಮೇತ ಕಿತ್ತ.

ಮೊದಲ ಏಟನ್ನು ಅಪ್ಪ ಕೈ ಅಡ್ಡ ಹಿಡಿದು ತಡೆದ. ಗಾಜು ಪುಡಿಯಾಯಿತು. ಅಪ್ಪನ ಮೊಣಕೈಯಿಂದ ಮುಂಗೈವರೆಗೆ ಸೀಳಿತು. ಎರಡನೆಯ ಏಟು ಜಾಲಿ ಕಟ್ಟಿಗೆಯ ಮೂಲೆಯಿಂದ, ಎಡಗಿವಿಯ ಮೇಲೆ. ಆ ಸಪ್ಪಳ ಎಂಥದೆಂದು ನಿಮಗೆ ಹೇಳುವುದಿಲ್ಲ, ಹೇಳಿದರೆ ನೀವು ಊಟ ಬಿಡುತ್ತೀರಿ. ನಾನು ಕೌಂಟರು ಹಾರಿ ಬೀಳುವಷ್ಟರಲ್ಲಿ ಅಪ್ಪ ನೆಲದ ಮೇಲಿದ್ದ. ನೆಲಕ್ಕೆ ಬಿದ್ದವನ ಮೇಲೆ ಆರೋಪಿ ಮೂರನೆಯ ಏಟು ಹಾಕಿದ. ನಾನು ಅವನ ಮಣಿಕಟ್ಟಿಗೆ ಬಾಯಿ ಹಾಕಿ ಕಚ್ಚಿದೆ. ಚರ್ಮ ಹರಿಯುವವರೆಗೆ ಬಿಡಲಿಲ್ಲ. ಅವನ ರಕ್ತ ನನ್ನ ಬಾಯಿಗೆ ಬಂತು, ಉಗುಳಿದೆ, ಮತ್ತೆ ಕಚ್ಚಿದೆ. ಔಷಧ ಶಾಸ್ತ್ರ ಓದಿದವಳು ಹೀಗೆ ಮಾಡಬಹುದೇ ಎಂದು ವೃತ್ತಿ ನೀತಿಯ ಪ್ರಶ್ನೆ ಎತ್ತುವುದಾದರೆ ಎತ್ತಿ. ಅವನ ಕುತ್ತಿಗೆ ಸಿಕ್ಕಿದ್ದರೆ ಕುತ್ತಿಗೆಯನ್ನೇ ಕಚ್ಚುತ್ತಿದ್ದೆ.

ಅಂಗಡಿಯಲ್ಲಿದ್ದ ಹತ್ತಿಯನ್ನೆಲ್ಲ ಬಿಚ್ಚಿದೆ. ಒಂದು ಉಂಡೆ, ಎರಡು, ಐದು. ಬ್ಯಾಂಡೇಜಿನ ಬಟ್ಟೆ ಮುಗಿಯಿತು. ಸಾಲಲಿಲ್ಲ. ಊರಿಗೆಲ್ಲ ಗಾಯಕ್ಕೆ ಕಟ್ಟು ಮಾರುವವಳ ಅಂಗಡಿಯಲ್ಲಿ ಅಪ್ಪನ ತಲೆಗೆ ಸಾಲುವಷ್ಟು ಹತ್ತಿ ಇರಲಿಲ್ಲ. ಕೊನೆಗೆ ಅವನ ರುಮಾಲನ್ನೇ ಬಿಚ್ಚಿ ಸುತ್ತಿದೆ. ಚಹಾದಂಗಡಿಯ ತಬ್ರೇಜ ತನ್ನ ಆಟೋದಲ್ಲಿ ಹಾಕಿಕೊಂಡು ಸಿಂದಗಿಗೆ ಓಡಿಸಿದ, ಅಲ್ಲಿಂದ ಆಂಬುಲೆನ್ಸಿನಲ್ಲಿ ವಿಜಯಪುರಕ್ಕೆ. ಎರಡನೆಯ ದಿನ ಅಪ್ಪ ಒಂದೇ ಸಲ ಕಣ್ಣು ಬಿಟ್ಟ. ನನ್ನನ್ನು ನೋಡಿದ. “ಫೋಟೋ ಒಡೀತೇನವಾ?” ಎಂದ.

“ಇಲ್ಲ ಯಪ್ಪಾ. ಬರೇ ಗಾಜು” ಎಂದೆ.

ಅದೇ ಕೊನೆಯ ಮಾತು. ಚೌಕಟ್ಟು ಒಡೆದಿರಲಿಲ್ಲ ಎಂಬುದು ನಿಜ. ನಾಲತವಾಡದ ಬಡಿಗ ಮೋಸ ಮಾಡಿರಲಿಲ್ಲ.

ಪೊಲೀಸರು ಚೌಕಟ್ಟನ್ನೂ ಅದರೊಳಗಿನ ಪ್ರಮಾಣಪತ್ರವನ್ನೂ ಬಟ್ಟೆಯ ಚೀಲದಲ್ಲಿ ಹಾಕಿ, ಅರಗಿನ ಮುದ್ರೆ ಒತ್ತಿ, ಕೊಲೆಗೆ ಬಳಸಿದ ವಸ್ತು ಎಂದು ಜಪ್ತಿ ಮಾಡಿದರು. ಈಗ ಅದರ ಹೆಸರು ಮುದ್ದೆಮಾಲು ನಂಬರ್ ನಾಲ್ಕು. ಈ ವರ್ಷ ಸೆಷನ್ಸ್ ಕೋರ್ಟಿನಲ್ಲಿ ವಿಚಾರಣೆ ಶುರುವಾಯಿತು. ನನ್ನ ಸಾಕ್ಷಿಯ ದಿನ ಚೀಲ ಬಿಚ್ಚಿದರು. ಇಪ್ಪತ್ಮೂರನೆಯ ವಯಸ್ಸಿನ ನನ್ನ ಫೋಟೋ, ಎರಡು ಜಡೆ, ಕಾಣುತ್ತಿತ್ತು. ನನ್ನ ಹೆಸರು ಕಾಣುತ್ತಿತ್ತು. ಅದರ ಕೆಳಗೆ ತಂದೆಯ ಹೆಸರಿನ ಸಾಲು, ಅದರ ಕೆಳಗೆ ನೋಂದಣಿ ಸಂಖ್ಯೆ, ಎರಡರ ಮೇಲೂ ರಕ್ತ ಒಣಗಿ ಕಂದು ಬಣ್ಣದ ಹಕ್ಕಳೆಯಾಗಿತ್ತು. ನ್ಯಾಯಾಧೀಶರು ಕನ್ನಡಕ ತೆಗೆದು ಹತ್ತಿರ ಹಿಡಿದು ನೋಡಿದರೂ ಸಂಖ್ಯೆ ಓದಲಾಗಲಿಲ್ಲ. ನಾನು ಬಾಯಿಪಾಠ ಹೇಳಿದೆ, ಮಂಡಳಿ ಹೌದೆನ್ನದ ಹೊರತು ಅದು ಸಾಕ್ಷಿಯಾಗದು ಎಂದರು.

ಆರೋಪಿಯ ವಕೀಲರು ಇದಕ್ಕೇ ಕಾದಿದ್ದರು. ಅವರ ವಾದ ಕೇಳಿ: ಈ ಹೆಂಗಸು ನೋಂದಾಯಿತ ಫಾರ್ಮಸಿಸ್ಟೇ ಅಲ್ಲ. ಅವರ ಕಕ್ಷಿದಾರ ಒಬ್ಬ ಜಾಗೃತ ನಾಗರಿಕ. ಅಂಗಡಿ ಅಸಲಿಯೋ ನಕಲಿಯೋ ಎಂದು ಸಂಶಯ ಬಂದು ಪ್ರಮಾಣಪತ್ರವನ್ನು ಓದಲೆಂದು ಕೈಗೆ ತೆಗೆದುಕೊಂಡ. ಗುಟ್ಟು ರಟ್ಟಾದೀತೆಂದು ಮುದುಕ ಕಸಿದುಕೊಳ್ಳಲು ಬಂದ. ಎಳೆದಾಟದಲ್ಲಿ ಭಾರದ ಚೌಕಟ್ಟು ಜಾರಿ ಮುದುಕನ ತಲೆಯ ಮೇಲೆ ಬಿತ್ತು. ಅಂದರೆ ಕೊಲೆಯಲ್ಲ, ಅಪಘಾತ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ನಿಮ್ಮ ಮಂಡಳಿ ಮಾಡಬೇಕಾದ ತಪಾಸಣೆಯನ್ನು ಆತ ಮಾಡುತ್ತಿದ್ದ! ಎಮ್ಮೆಯ ಇಂಜೆಕ್ಷನ್ನಿಗೆ ಬಂದವನು ಒಂದೇ ವರ್ಷದಲ್ಲಿ ನಿಮ್ಮ ಗೌರವ ತಪಾಸಣಾಧಿಕಾರಿಯಾಗಿಬಿಟ್ಟ.

ತಬ್ರೇಜ ಕಣ್ಣಾರೆ ಕಂಡದ್ದನ್ನು ಹೇಳಿದ, ಮೂರು ಏಟು ಎಂದ. “ಚಹಾ ಸೋಸುತ್ತ ಏಟು ಎಣಿಸುತ್ತಿದ್ದೆಯೇನು?” ಎಂದು ವಕೀಲರು ಕೆಣಕಿದರು. “ಚಹಾ ಉಕ್ಕಿ ಒಲಿ ಆರಿ ಹೋತ್ರಿ. ಸೋಸಾಕ ಏನೂ ಉಳೀಲಿಲ್ಲ. ಮೂರಂದ್ರ ಮೂರಽ ರೀ” ಎಂದ ತಬ್ರೇಜ. ಆದರೆ ಗೆಳೆತನಕ್ಕೆ ಸುಳ್ಳು ಹೇಳುತ್ತಿದ್ದಾನೆ ಎಂದರು ವಕೀಲರು. ಶವಪರೀಕ್ಷೆಯ ವರದಿಯಲ್ಲಿನ ಉಳಿದ ಗಾಯ ಬೀಳುವಾಗ ಕೌಂಟರು ತಗುಲಿ ಆದದ್ದು ಎಂದರು. ಉಳಿದವರು, ಅವತ್ತು ಗೊಳ್ಳೆಂದು ನಕ್ಕವರು, ಅಷ್ಟು ಹೊತ್ತಿಗೆ ಬಸ್ಸು ಬಂದಿತ್ತು, ನಾವು ನೋಡಲಿಲ್ಲ ಎಂದರು. ಹಾಗಾಗಿ ಎಲ್ಲ ಬಂದು ನಿಂತದ್ದು ಒಂದೇ ಪ್ರಶ್ನೆಯ ಮೇಲೆ. ನಾನು ಅಸಲಿಯೋ ನಕಲಿಯೋ? ನಾನು ಅಸಲಿಯಾದರೆ ಅವನು ಹೇಳುವ ಗುಟ್ಟು ಯಾವುದು, ರಟ್ಟಾಗುವುದೇನು? ಅವನ ಕಥೆ ಅಲ್ಲೇ ಕುಸಿಯುತ್ತದೆ. ನಾನು ನಕಲಿಯಾದರೆ ನನ್ನ ಮಾತಿಗೆ ಬೆಲೆಯಿಲ್ಲ, ಅಪ್ಪ ತಾನಾಗಿಯೇ ಸತ್ತ.

ಇದನ್ನು ಹೇಳಬೇಕಾದವರು ನೀವು. ಕೋರ್ಟು ನಿಮಗೆ ಪತ್ರ ಬರೆದು, ಈ ಹೆಸರು ನಿಮ್ಮ ರಿಜಿಸ್ಟರಿನಲ್ಲಿದೆಯೇ, ಸಂಖ್ಯೆ ಎಷ್ಟು ಎಂದು ಕೇಳಿತು. ಎರಡು ಪ್ರಶ್ನೆ. ನಿಮ್ಮ ಕಪಾಟು ತೆರೆದು ಹದಿನೆಂಟು ವರ್ಷದ ಹಿಂದಿನ ಪುಟ ತಿರುವಿದರೆ ಐದು ನಿಮಿಷದ ಕೆಲಸ. ನೀವು ಏನು ಮಾಡಿದಿರಿ? ‘ಪರಿಶೀಲನೆಗಾಗಿ ಮೂಲ ಪ್ರಮಾಣಪತ್ರವನ್ನು ಮಂಡಳಿಗೆ ಹಾಜರುಪಡಿಸತಕ್ಕದ್ದು’ ಎಂದು ಕೋರ್ಟಿಗೇ ಉತ್ತರ ಬರೆದಿರಿ. ವಿರೂಪ ಮಾಡಿದ್ದಕ್ಕೆ ನನಗೆ ನೋಟಿಸು ಬರೆದಿರಿ. ಅಷ್ಟಕ್ಕೇ ನಿಲ್ಲದೆ ಜಾಲತಾಣದಲ್ಲಿ ನನ್ನ ಹೆಸರಿನ ಮುಂದೆ ‘ಪರಿಶೀಲನೆ ಬಾಕಿ’ ಎಂದು ಹಾಕಿದಿರಿ. ಎತ್ತು ಕರು ಹಾಕಿತೆಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದವನ ಜಾಣತನ ನಿಮ್ಮದು. ಮರುವಾರವೇ ವಕೀಲರು ಆ ಪುಟವನ್ನು ಮುದ್ರಿಸಿ ತಂದು ನ್ಯಾಯಾಧೀಶರ ಮುಂದಿಟ್ಟರು. “ನೋಡಿ ಸ್ವಾಮಿ, ಮಂಡಳಿಗೇ ಈಕೆಯ ಬಗ್ಗೆ ಖಾತ್ರಿಯಿಲ್ಲ” ಎಂದರು. ಕಟಕಟೆಯಲ್ಲಿದ್ದ ಆರೋಪಿ ನನ್ನ ಕಡೆ ತಿರುಗಿ ನಕ್ಕ. ನಾನು ಕಚ್ಚಿದ ಗುರುತು ಅವನ ಮಣಿಕಟ್ಟಿನ ಮೇಲೆ ಇನ್ನೂ ಇದೆ, ಅದೊಂದೇ ಸಮಾಧಾನ.

ನಿಮ್ಮ ಕಚೇರಿಗೂ ಬಂದೆ. ಬಸ್ಸು ಹತ್ತಿ, ಬೆಂಗಳೂರಿಗೆ ಬಂದು, ಟೋಕನ್ ಹಿಡಿದು, ಮೂರು ತಾಸು ಕೂತೆ. ಕಿಟಕಿಯೊಳಗಿನ ನೌಕರ ತಲೆ ಎತ್ತದೆ ಕೇಳಿದ, “ಒರಿಜಿನಲ್ ಎಲ್ಲಿ ಮೇಡಂ?”

“ಕೋರ್ಟಿನ್ಯಾಗ ಐತ್ರಿ.”

“ಬಿಡಿಸ್ಕೊಂಡು ಬನ್ನಿ.”

“ಕೇಸು ಮುಗಿಯೂತನಕ ಬಿಡಂಗಿಲ್ಲರಿ. ಅದರ್ಲೆ ನಮ್ಮಪ್ಪನ್ನ ಕೊಂದಾರ.”

ಆಗ ತಲೆ ಎತ್ತಿದ. ಪಾಪ, ಅವನಿಗೂ ಏನನ್ನಿಸಿತೋ. ಆಮೇಲೆ ಒಂದು ಫಾರಂ ತೆಗೆದು ಕೊಟ್ಟ. “ನಕಲು ಪ್ರತಿಗೆ ಅರ್ಜಿ ಹಾಕಿ ಮೇಡಂ. ಕಾರಣದ ಕಾಲಂ ಇದೆ ನೋಡಿ. ಕಳೆದಿದೆ, ಹರಿದಿದೆ, ಸುಟ್ಟಿದೆ. ಮೂರರಲ್ಲಿ ಒಂದಕ್ಕೆ ಟಿಕ್ ಹಾಕಿ.”

“ಮೂರೂ ಅಲ್ಲರಿ.”

“ಯಾವುದಾದ್ರೂ ಒಂದಕ್ಕೆ ಹಾಕ್ಬಿಡಿ. ಇಲ್ದಿದ್ರೆ ಕಂಪ್ಯೂಟರ್ ತಗೊಳಲ್ಲ. ಕಳೆದಿದೆ ಅಂದ್ರೆ ಸುಲಭ.”

ಕಳೆದಿದೆ! ಕೊಲೆಯ ಕೇಸಿನಲ್ಲಿ ಕೋರ್ಟಿನ ವಶದಲ್ಲಿರುವ ಆಯುಧ ಕಳೆದಿದೆ ಎಂದು ನಾನೇ ಸಹಿ ಹಾಕಿ ಕೊಟ್ಟಿದ್ದರೆ ಆ ವಕೀಲರು ಊರಿಗೆಲ್ಲ ಪೇಢೆ ಹಂಚುತ್ತಿದ್ದರು. ಆ ಹೊತ್ತು ನನಗೆ ಬಂದ ಸಿಟ್ಟನ್ನು ನಿಮ್ಮಿಂದ ಬಚ್ಚಿಡುವುದಿಲ್ಲ. ಕಿಟಕಿಯ ಈಚೆ, ನನ್ನ ಪಕ್ಕದ ಮೇಜಿನ ಮೇಲೆ ಕಬ್ಬಿಣದ ದೊಡ್ಡ ಠಸ್ಸೆ ಇತ್ತು. ಅದನ್ನು ಎತ್ತಿ ಆ ಕಿಟಕಿಯ ಗಾಜಿಗೆ, ಗಾಜಿನಾಚೆಯ ಕಂಪ್ಯೂಟರಿಗೆ, ಅದರಾಚೆಯ ತಲೆಗೆ ಬಾರಿಸಬೇಕೆಂದು ಕೈ ತುರಿಸಿತು. ಬೆರಳು ಅದರ ಹಿಡಿಕೆಯ ಮೇಲೆ ಇತ್ತು ಕೂಡ. ಒಂದು ಕಾಗದದ ಸಲುವಾಗಿ ಮನುಷ್ಯನೊಬ್ಬ ಇನ್ನೊಬ್ಬನ ತಲೆ ಹೇಗೆ ಒಡೆಯುತ್ತಾನೆಂದು ಅವತ್ತು ನನಗೆ ಅರ್ಥವಾಯಿತು, ಮಾನ್ಯರೇ. ಅರ್ಥವಾದದ್ದಕ್ಕೆ ನನಗೇ ಹೇಸಿಗೆಯಾಯಿತು. ಕೈ ಹಿಂದೆ ತೆಗೆದುಕೊಂಡು ಫಾರಂ ಮಡಚಿ ಇಟ್ಟುಕೊಂಡು ಹೊರಗೆ ಬಂದೆ.

ನನ್ನ ಅಂಗಡಿಯ ಶಟರ್ ಇಳಿದು ನಾಲ್ಕು ತಿಂಗಳಾಯಿತು. ಗೋಡೆಯ ಮೇಲೆ ಪ್ರಮಾಣಪತ್ರವಿಲ್ಲ, ಈಗ ಜಾಲತಾಣದಲ್ಲೂ ಹೆಸರು ಬಾಕಿ, ಆದ್ದರಿಂದ ಮಾರುವ ಹಾಗಿಲ್ಲ. ನಿಯಮ ನಿಯಮವೇ, ನಾನು ಮುರಿಯುವವಳಲ್ಲ. ಆದರೆ ಒಂದು ಸಲ ಇಂಡಿಯಿಂದ ಮುದ್ದೇಬಿಹಾಳದವರೆಗೆ, ಸಿಂದಗಿಯಿಂದ ಬಸವನ ಬಾಗೇವಾಡಿಯವರೆಗೆ ಹೇಳದೆ ಕೇಳದೆ ಓಡಾಡಿ ಬನ್ನಿ. ಕಂಬದ ಮೇಲಿನ ಬಾಡಿಗೆ ಪ್ರಮಾಣಪತ್ರದಲ್ಲಿ ಒಬ್ಬರ ಫೋಟೋ, ಕೌಂಟರಿನಲ್ಲಿ ಇನ್ನೊಬ್ಬರು ಇರುವ ಅಂಗಡಿ ಒಂದೂ ಸಿಗದಿದ್ದರೆ ನಾನು ಔಷಧ ಮಾರುವುದನ್ನೇ ಬಿಡುತ್ತೇನೆ. ಅಲ್ಲಿ ಕಾಗದವಿದೆ, ಮನುಷ್ಯರಿಲ್ಲ. ಇಲ್ಲಿ ಮನುಷ್ಯಳಿದ್ದಾಳೆ, ಕಾಗದವಿಲ್ಲ. ಅವರು ನಿಮ್ಮ ಲೆಕ್ಕಕ್ಕೆ ಸರಿ, ನಾನು ಬಾಕಿ. ನಮ್ಮ ಓಣಿಯ ಗುಂಡವ್ವ ಸಕ್ಕರೆ ಕಾಯಿಲೆಯ ಗುಳಿಗೆಯ ಖಾಲಿ ಪಟ್ಟಿ ಹಿಡಿದು ಈಗಲೂ ನನ್ನ ಮನೆಗೆ ಬರುತ್ತಾಳೆ. “ಕಿರಾಣಿ ಅಂಗಡ್ಯಾಗ ಇದಽ ಬಣ್ಣದ್ದು ಕೊಡ್ತಾರವಾ, ತಗೊಳ್ಳಲೇನು?” ಎಂದು ಕೇಳುತ್ತಾಳೆ. “ಬಣ್ಣ ನೋಡಿ ಗುಳಿಗಿ ನುಂಗಬ್ಯಾಡ ಆಯಿ, ಸಿಂದಗಿಗೆ ಹೋಗು” ಎಂದು ಹೇಳಿ ಕಳಿಸುತ್ತೇನೆ. ಜಾಮೀನಿನ ಮೇಲೆ ಹೊರಗಿರುವ ಆರೋಪಿ ದಿನವೂ ಹಾಲಿನ ಕ್ಯಾನು ಕಟ್ಟಿಕೊಂಡು ಮೋಟರ್ ಸೈಕಲ್ಲಿನಲ್ಲಿ ನನ್ನ ಮುಚ್ಚಿದ ಅಂಗಡಿಯ ಮುಂದೆ ಹಾದುಹೋಗುತ್ತಾನೆ. ಅಲ್ಲಿ ಬಂದಾಗ ಹಾರ್ನು ಒತ್ತುತ್ತಾನೆ. ಎಮ್ಮೆಗಳು ಹಾಲು ಕೊಡುತ್ತಲೇ ಇವೆಯಂತೆ. ಅವನ ವ್ಯಾಪಾರಕ್ಕೆ ಯಾವ ಪರಿಶೀಲನೆಯೂ ಬಾಕಿಯಿಲ್ಲ.

ನೀವು ಹೇಳಬಹುದು, ಮಂಡಳಿ ಏನು ಮಾಡೀತು, ಹೊಡೆದವನು ಮಂಡಳಿಯವನಲ್ಲವಲ್ಲ ಎಂದು. ನಿಜ, ನಾಲ್ಕನೆಯ ಏಟು ಮಾತ್ರ ನಿಮ್ಮದು. ಚೀಟಿ ಇಲ್ಲದೆ ಔಷಧ ಕೊಡಬೇಡ ಎಂದವರು ನೀವು, ನಾನು ಕೊಡಲಿಲ್ಲ. ಪ್ರಮಾಣಪತ್ರವನ್ನು ಕೆಳಗೆ ಇಳಿಸು ಎಂದವರು ನೀವು, ಇಳಿಸಿದೆ. ನಿಮ್ಮ ಎರಡೂ ಮಾತು ಕೇಳಿದ್ದಕ್ಕೆ ನನ್ನ ಅಪ್ಪ ಹೋದ. ತಪಾಸಣೆಗೆ ಬರುವಾಗ, ನವೀಕರಣಕ್ಕೆ ಕರೆಯುವಾಗ, ನೋಟಿಸು ಅಂಟಿಸುವಾಗ ನಾನು ಯಾರೆಂದು ನಿಮಗೆ ಚೆನ್ನಾಗಿ ಗೊತ್ತಿರುತ್ತದೆ. ಪರಿಚಯ ಹೇಳಿ ಎಂದು ಕೋರ್ಟು ಕೇಳಿದಾಗ ಮಾತ್ರ ಮೂಲ ಪ್ರತಿ ಬೇಕು. ಗುರುತೇ ಇಲ್ಲದವಳಿಗೆ ಇಷ್ಟು ಸರಿಯಾದ ವಿಳಾಸಕ್ಕೆ ನೋಟಿಸು ಕಳಿಸಿದಿರಲ್ಲ, ಆ ವಿಳಾಸ ಎಲ್ಲಿಂದ ತೆಗೆದಿರಿ? ಅದೇ ರಿಜಿಸ್ಟರಿನಿಂದ ತಾನೇ? ಅದೇ ಪುಟದಲ್ಲಿ, ವಿಳಾಸದ ಪಕ್ಕದಲ್ಲೇ ನನ್ನ ಸಂಖ್ಯೆ ಇದೆ. ನೋಟಿಸು ಬರೆದವರ ಬೆರಳು ಅದರ ಮೇಲೆಯೇ ಹಾದುಹೋಗಿರಬೇಕು.

ಮೂರು ತಾರೀಖು ಹಾಗೆಯೇ ಹೋದವು. ಮುಂದಿನದು ಬರುವ ತಿಂಗಳು ಹತ್ತೊಂಬತ್ತು, ಬೆಳಿಗ್ಗೆ ಹನ್ನೊಂದಕ್ಕೆ. ಇನ್ನು ಕಾಯುವುದಿಲ್ಲ, ಇದ್ದ ಸಾಕ್ಷಿಯ ಮೇಲೆ ಮುಗಿಸುತ್ತೇನೆ ಎಂದು ನ್ಯಾಯಾಧೀಶರು ಹೇಳಿದ್ದಾರೆ. ನನ್ನ ಬೇಡಿಕೆ ಇಷ್ಟೇ. ಆ ದಿನ ನಿಮ್ಮ ರಿಜಿಸ್ಟರನ್ನು ಹಿಡಿದುಕೊಂಡು ಒಬ್ಬರು ಕೋರ್ಟಿಗೆ ಬರಬೇಕು. ನೀವೇ ಬರಬೇಕೆಂದಿಲ್ಲ. ಕಿಟಕಿಯಲ್ಲಿ ಕೂತಿದ್ದನಲ್ಲ, ಆ ನೌಕರ ಬಂದರೂ ಸಾಕು. ಕಟಕಟೆಯಲ್ಲಿ ನಿಂತು ಆ ಪುಟ ತೆರೆದು ‘ಹೌದು, ಈ ಹೆಸರು ನಮ್ಮಲ್ಲಿದೆ, ಸಂಖ್ಯೆ ಇಂಥದು’ ಎಂದು ಒಂದು ವಾಕ್ಯ ಹೇಳಬೇಕು. ಬಸ್ ನಿಲ್ದಾಣದಿಂದ ತಬ್ರೇಜನ ಆಟೋ ಕರೆತರುತ್ತದೆ. ಮಧ್ಯಾಹ್ನದ ರೊಟ್ಟಿ ನಮ್ಮ ಮನೆಯಲ್ಲಿ.

ನಕಲು ಪ್ರತಿ ನನಗೆ ಬೇಡ. ಆದರೂ ನಿಮ್ಮ ಫಾರಂ ತುಂಬಿ ಇದರೊಂದಿಗೆ ಇಟ್ಟಿದ್ದೇನೆ. ಕಳೆದಿದೆ, ಹರಿದಿದೆ, ಸುಟ್ಟಿದೆ ಎಂಬ ಮೂರು ಚೌಕಗಳ ಕೆಳಗೆ ನಾನೇ ಪೆನ್ನಿನಿಂದ ನಾಲ್ಕನೆಯ ಚೌಕ ಎಳೆದು, ‘ಕೊಲೆಗೆ ಬಳಸಲಾಗಿದೆ’ ಎಂದು ಬರೆದು ಟಿಕ್ ಹಾಕಿದ್ದೇನೆ. ನಿಮ್ಮ ಕಂಪ್ಯೂಟರ್ ತೆಗೆದುಕೊಳ್ಳದಿದ್ದರೆ ಕೈಯಲ್ಲಾದರೂ ತೆಗೆದುಕೊಳ್ಳಿ.

ಕೇಸು ಮುಗಿದ ಮೇಲೆ ಮುದ್ದೆಮಾಲನ್ನು ವಾರಸುದಾರರಿಗೆ ಮರಳಿಸುತ್ತಾರಂತೆ. ಅದನ್ನು ಮನೆಯೊಳಗೆ ತರುವುದೋ ಬೇಡವೋ ಎಂದು ನಮ್ಮವ್ವ ಚಂದವ್ವನನ್ನು ಕೇಳಿದೆ. ಅವಳು ಹೇಳಿದಳು: “ತಾ. ಆದ್ರ ತೊಳೀಬ್ಯಾಡ. ಅದ್ರಾಗ ನಿಮ್ಮಪ್ಪ ಅದಾನ.”

ತೊಳೆಯುವುದಿಲ್ಲ. ಹೊಸ ಗಾಜು ಹಾಕಿಸಿ, ಅದೇ ಕಂಬಕ್ಕೆ, ಅದೇ ಮೊಳೆಯನ್ನು ಮತ್ತೆ ಹೊಡೆದು, ನಿಮ್ಮ ನಿಯಮದ ಪ್ರಕಾರ ಕಣ್ಣಳತೆಯಲ್ಲೇ ತೂಗುಹಾಕುತ್ತೇನೆ. ನಿಮ್ಮ ತಪಾಸಣಾಧಿಕಾರಿ ಮತ್ತೆ ಬಂದು, ಸಂಖ್ಯೆ ಕಾಣುತ್ತಿಲ್ಲವಲ್ಲ ಎಂದು ಕೇಳಲಿ. ಅದರ ಮೇಲೆ ನಮ್ಮಪ್ಪ ಇದ್ದಾನೆ, ಸರಿಸಿ ಓದಿಕೊಳ್ಳಿ ಎನ್ನುತ್ತೇನೆ.

ಇಂತಿ,
ನಿಮ್ಮಲ್ಲಿ ಪರಿಶೀಲನೆ ಬಾಕಿಯಿರುವ, ಅಪ್ಪ ಸತ್ತದ್ದು ಮಾತ್ರ ಖಾತ್ರಿಯಾಗಿರುವ
ರೇಣುಕಾ, ತಂದೆ ಮಾಳಿಂಗಪ್ಪ
ದೇವರ ಹಿಪ್ಪರಗಿ